ಹಿತ್ತಲಿನಿಂದ ಬರೆಯಿರಿ ಮನೆಯ ನಕ್ಷೆ

ಹೊಸ ಮನೆ ಕಟ್ಟಲು ಹೊರಟವರಿಗಾಗಿ ಇವತ್ತಿನ ಮಾತು. ಪಾಯ ತೆಗೆದಾಗಿದ್ದರೂ ಕೇಳಿ. ಗೋಡೆ ಏಳುವವರೆಗೆ ಎಷ್ಟೋ ಸರಿಪಡಿಸಿಕೊಳ್ಳಬಹುದು. ಮೇಲಂತಸ್ತಿನ ವಿಚಾರ ಇವತ್ತು ಬೇಡ. ಎಲಿವೇಷನ್ ವಿಚಾರವಂತೂ ಬೇಡವೇ ಬೇಡ. ಕೆಳಗಿನ ಮನೆ, ಅಂದರೆ ಗ್ರೌಂಡ್ ಫ್ಲೋರ್, ಅದೊಂದನ್ನೇ ಹಿಡಿದು ಮಾತಾಡೋಣ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಅಂಚಿನ ಬಡಾವಣೆಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ಮೂವತ್ತು ನಲವತ್ತರ ಸೈಟು. ಅಗಲ 30 ಅಡಿ, ಉದ್ದ 40 ಅಡಿ. ಒಟ್ಟು 1,200 ಚದರಡಿ. ಅದಕ್ಕೆ ನಕ್ಷೆ ಬರೆಸಲು ಕೂತಾಗ ಏನಾಗುತ್ತದೆ, ನೋಡಿ. ಮೊದಲು ಕಾರಿಗೆ ಪೋರ್ಟಿಕೊ. ಆಮೇಲೆ ದೊಡ್ಡ ಹಾಲು. ಹಾಲಿನಲ್ಲಿ ಟಿವಿಗೆ ಒಂದು ಗೋಡೆ, ಸೋಫಾಕ್ಕೆ ಒಂದು ಗೋಡೆ. ಸೋಫಾದ ಹಿಂದೆ ಮೆಟ್ಟಿಲು. ಮೂಲೆಯಲ್ಲಿ ದೇವರಮನೆ. ಇಷ್ಟಾದ ಮೇಲೆ ಉಳಿದ ಜಾಗದಲ್ಲಿ ಅಡುಗೆಮನೆ, ಒಂದು ರೂಮು, ರೂಮಿಗೊಂದು ಅಟ್ಯಾಚ್ಡ್ ಬಾತ್‌ರೂಮು. ಹಿತ್ತಲಿಗೆ? ಎರಡೂವರೆ ಅಡಿಯ ಒಂದು ಸಂದಿ. ಅಲ್ಲಿ ಖಾಲಿ ಸಿಲಿಂಡರು, ಪೊರಕೆ, ಒಡೆದ ಬಕೆಟ್ಟು.

ನಾನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ನಕ್ಷೆಯನ್ನು ಮುಂಬಾಗಿಲಿನಿಂದ ಬರೆಸಬೇಡಿ. ಹಿತ್ತಲಿನಿಂದ ಬರೆಸಿ. ಹಿತ್ತಲು, ಬಚ್ಚಲು, ಅಡುಗೆಮನೆ, ವಯಸ್ಸಾದವರ ರೂಮು, ಇವು ಮೊದಲು ಕೂರಲಿ. ಉಳಿದದ್ದು ಹಾಲಿಗೆ.

ಯಾಕೆ? ನಮ್ಮ ಸೀಮೆಯ ಮನೆಗಳಲ್ಲಿ ಕೆಲಸ ನಡೆಯುವುದು ಹಿಂದೆ. ಅಜ್ಜಂಪುರದ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೆನಪು ಮಾಡಿಕೊಳ್ಳಿ. ಮೇಲೆ ಕರಲು ಮಣ್ಣು, ಒಳಗೆ ಒಂದರ ಹಿಂದೆ ಒಂದು ಅಂಕಣ. ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ತರೀಕೆರೆಯಿಂದ ಪಶ್ಚಿಮಕ್ಕೆ, ಲಕ್ಕವಳ್ಳಿಯ ಕಡೆ ಹೋದರೆ ಹೆಂಚಿನ ಮನೆ. ಮಾಡು ಬೇರೆ, ಕ್ರಮ ಹೆಚ್ಚುಕಮ್ಮಿ ಅದೇ. ಹಿತ್ತಲಲ್ಲಿ ಬಾವಿ, ಒಗೆಯುವ ಕಲ್ಲು, ನೀರೊಲೆ, ಕರಿಬೇವಿನ ಗಿಡ. ಇದನ್ನು ಹಳೆಯ ಮನೆಯ ಹೊಗಳಿಕೆ ಅಂದುಕೊಳ್ಳಬೇಡಿ. ಆ ನಡುಮನೆಗಳಲ್ಲಿ ಹಗಲೂ ಕತ್ತಲು. ಅಡುಗೆಮನೆಯ ಹೊಗೆಗೆ ಹೆಂಗಸರ ಕಣ್ಣು ಕೆಂಪು. ಅದು ಯಾರಿಗೂ ಬೇಡ. ಆದರೆ ಒಂದು ಮಾತು ನಿಜ. ಆ ಮನೆ ಕಟ್ಟಿಸಿದವರಿಗೆ ನೀರು ಎಲ್ಲಿ ಚೆಲ್ಲುತ್ತದೆ, ಸೌದೆ ಎಲ್ಲಿ ಬೀಳುತ್ತದೆ ಎಂದು ಗೊತ್ತಿತ್ತು. ನಾವು ಹೊಸ ಮನೆ ಕಟ್ಟುವಾಗ ಮೊದಲು ಮರೆಯುವುದು ಅದನ್ನೇ.

ಈಗ ಒಂದು ಸೈಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹತ್ತಿರ ಸೀಮೆಸುಣ್ಣ ಇದ್ದರೆ ನೆಲದ ಮೇಲೆ ಒಂದು ಆಯತ ಎಳೆಯಿರಿ. ರಸ್ತೆ ಪೂರ್ವಕ್ಕೆ. ಅಂದರೆ ಹಿತ್ತಲು ಪಶ್ಚಿಮಕ್ಕೆ. ಎರಡೂ ಪಕ್ಕಕ್ಕೆ ಮೂರು ಮೂರು ಅಡಿ ಬಿಟ್ಟೆವು ಅನ್ನೋಣ. ಮುಂದೆ 6 ಅಡಿ, ಹಿಂದೆ 6 ಅಡಿ. ಕಟ್ಟಡಕ್ಕೆ ಉಳಿಯುವುದು 24 ಅಡಿ ಅಗಲ, 28 ಅಡಿ ಉದ್ದ.

ಪೂರ್ವದ ಬಾಗಿಲಿನ ಸೈಟಿನಲ್ಲಿ ಒಂದು ತೊಡಕಿದೆ. ವಾಸ್ತು ನೋಡುವವರು ಅಡುಗೆಮನೆ ಆಗ್ನೇಯಕ್ಕೆ ಅನ್ನುತ್ತಾರೆ. ಆಗ್ನೇಯ ಎಂದರೆ ಇಲ್ಲಿ ಮನೆಯ ಮುಂದಿನ ಮೂಲೆ, ಗೇಟಿನ ಪಕ್ಕ. ಹಿತ್ತಲು ಹಿಂದೆ. ಮುಸುರೆ ಪಾತ್ರೆ ಹೊತ್ತು ಇಡೀ ಮನೆ ದಾಟಬೇಕು. ಇಲ್ಲವೇ ಗೇಟಿನ ಪಕ್ಕದಲ್ಲೇ ಪಾತ್ರೆ ತೊಳೆಯಬೇಕು. ವಾಸ್ತುವಿನ ಜೊತೆ ನನಗೆ ಜಗಳವಿಲ್ಲ. ಆಗ್ನೇಯ ಆಗದಿದ್ದರೆ ವಾಯವ್ಯ ಆದೀತು ಎಂದು ಅದೇ ಜನ ಹೇಳುತ್ತಾರಲ್ಲ, ಅದನ್ನು ಹಿಡಿದುಕೊಳ್ಳಿ. ವಾಯವ್ಯ ಎಂದರೆ ಇಲ್ಲಿ ಹಿಂದಿನ ಮೂಲೆ. ಅಡುಗೆಮನೆಯ ಬಾಗಿಲು ತೆರೆದರೆ ಹಿತ್ತಲು.

ಹಾಗಾದರೆ ಹಿಂದಿನ ಸಾಲು ಹೀಗೆ ಕೂರುತ್ತದೆ. ವಾಯವ್ಯದಲ್ಲಿ ಅಡುಗೆಮನೆ, 7 ಅಡಿ ಅಗಲ, 11 ಅಡಿ ಉದ್ದ. ನೈಋತ್ಯದಲ್ಲಿ ರೂಮು, ಸುಮಾರು 10 ಅಡಿ ಅಗಲ. ಎರಡರ ನಡುವೆ ನಾಲ್ಕೂವರೆ ಅಡಿಯ ಒಂದು ಪಟ್ಟಿ. ಆ ಪಟ್ಟಿಯ ಹಿಂದಿನ 8 ಅಡಿ ಬಚ್ಚಲು ಮನೆ. ಮುಂದಿನ ಭಾಗ ಓಡಾಡುವ ಪ್ಯಾಸೇಜು. ಅಡುಗೆಮನೆ, ರೂಮು, ಬಚ್ಚಲು, ಮೂರರ ಬಾಗಿಲೂ ಆ ಪ್ಯಾಸೇಜಿಗೆ. ಮನೆಯ ಮುಂದಿನ ಅರ್ಧದಲ್ಲಿ ಈಶಾನ್ಯಕ್ಕೆ ಹಾಲು, ಅದರೊಳಗೆ ದೇವರಮನೆ. ಆಗ್ನೇಯಕ್ಕೆ ಕಾರು, ಹೊರಗಿನ ಮೆಟ್ಟಿಲು, ಕೂರಲು ಒಂದು ಸಣ್ಣ ಜಗಲಿ. ಕಾರು ಕಡಿಮೆ ಅಂದರೂ 150 ಚದರಡಿ ತಿನ್ನುತ್ತದೆ, ಸೈಟಿನ ಎಂಟರಲ್ಲೊಂದು ಪಾಲು. ಇನ್ನೂ ಕೊಳ್ಳದ ಕಾರಿಗೆ ಅಷ್ಟು ಜಾಗ ಕೊಡುವವರು ಹಿತ್ತಲಿಗೆ 6 ಅಡಿ ಬಿಡಲು ಹಿಂದೆ ಮುಂದೆ ನೋಡುತ್ತಾರೆ!

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಕ್ಷೆ ಹಿಂದಿನಿಂದ. ಅಡುಗೆಮನೆ ಹಿತ್ತಲಿಗೆ ಅಂಟಿಕೊಂಡಿರಲಿ. ಈಗ ಅಡುಗೆಮನೆಯ ಒಳಕ್ಕೆ ಹೋಗೋಣ.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 1926ರಲ್ಲಿ ಒಂದು ಅಡುಗೆಮನೆ ರೂಪುಗೊಂಡಿತು. ರೂಪಿಸಿದವರು ಮಾರ್ಗರೇಟ್ ಶ್ಯೂಟೆ-ಲಿಹೊಟ್‌ಸ್ಕಿ ಎಂಬ ವಾಸ್ತುಶಿಲ್ಪಿ. ಅಡುಗೆ ಮಾಡುವವರು ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆ ಎಂದು ಲೆಕ್ಕ ಹಿಡಿದು ಜೋಡಿಸಿದ ಅಡುಗೆಮನೆ ಅದು. ಅಗಲ ಸುಮಾರು 6 ಅಡಿ, ಉದ್ದ 11 ಅಡಿ. ಸುಮಾರು 10 ಸಾವಿರ ಮನೆಗಳಲ್ಲಿ ಅದನ್ನು ಕೂರಿಸಿದರು. ನಾವು ಈಗ ಮಾಡ್ಯುಲರ್ ಕಿಚನ್ ಅನ್ನುತ್ತೇವಲ್ಲ, ಅದರ ಅಜ್ಜಿ ಅದು.

ಹೆಜ್ಜೆಯ ಲೆಕ್ಕವನ್ನು ನಾವೂ ತೆಗೆದುಕೊಳ್ಳೋಣ. ಸ್ಟೋವ್, ಸಿಂಕ್, ಫ್ರಿಜ್ ಈ ಮೂರರ ನಡುವೆ ಮೂರು ನಾಲ್ಕು ಹೆಜ್ಜೆ ಸಾಕು. ಆದರೆ ಆ ಅಡುಗೆಮನೆ ಒಬ್ಬರೇ ನಿಂತು ಕೆಲಸ ಮಾಡುವುದಕ್ಕೆ ಆದದ್ದು. ನಮ್ಮಲ್ಲಿ ಹಬ್ಬದ ದಿನ ಹೋಳಿಗೆಗೆ ಮೂವರು ಬೇಕು. ಒಬ್ಬರು ಕಣಕ ಹಿಡಿಯಲು, ಒಬ್ಬರು ತಟ್ಟಲು, ಒಬ್ಬರು ಬೇಯಿಸಲು. ಆ ಜನಸಂದಣಿಯನ್ನು 7 ಅಡಿಯ ಅಡುಗೆಮನೆ ತಡೆಯುವುದಿಲ್ಲ. ಹಿತ್ತಲು ತಡೆಯುತ್ತದೆ.

ಇನ್ನೊಂದು, ಮುದ್ದೆ. ಕಡೂರು ಸೀಮೆಯಲ್ಲಿ ಮುದ್ದೆಯಿಲ್ಲದ ಊಟ ಉಂಟೆ? ನೆಲದಿಂದ 33 ಅಂಗುಲ ಎತ್ತರದ ಗ್ರಾನೈಟ್ ಕಟ್ಟೆ. ಅದರ ಮೇಲೆ ಅರ್ಧ ಅಡಿಯ ಸ್ಟೋವ್. ಸ್ಟೋವ್ ಮೇಲೆ ಪಾತ್ರೆ. ಪಾತ್ರೆಯ ಬಾಯಿ ಎದೆಯ ಹತ್ತಿರ ಬಂತು. ಆ ಎತ್ತರದಲ್ಲಿ ಮುದ್ದೆ ಕೋಲು ಹಿಡಿದು ತೊಳಸಲು ಭುಜದಲ್ಲಿ ಎಷ್ಟು ಬಲ ಬೇಕು? ಅದಕ್ಕೇ ಎಷ್ಟೋ ಮನೆಗಳಲ್ಲಿ ಹಿಟ್ಟು ಬೆಂದ ಕೂಡಲೇ ಪಾತ್ರೆ ನೆಲಕ್ಕೆ ಬರುತ್ತದೆ. ಕುಕ್ಕರುಗಾಲಲ್ಲಿ ಕೂತು, ಬಟ್ಟೆಯಲ್ಲಿ ಪಾತ್ರೆ ಹಿಡಿದು, ಟೈಲ್ಸ್ ಮೇಲೆ ಜಾರುವ ಪಾತ್ರೆಯ ಜೊತೆ ಒದ್ದಾಟ. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಮನೆಯಲ್ಲಿ ಇದೆಂಥ ಪಾಡು! ಹಿತ್ತಲಿಗೆ ಒಂದು ಮಾಡು ಇಳಿಸಿ, ಅದರ ಕೆಳಗೆ ಒಂದೂವರೆ ಅಡಿ ಎತ್ತರದ ಕಟ್ಟೆ ಹಾಕಿಸಿ. ಒರಟು ಕಲ್ಲು ಸಾಕು. ಅಲ್ಲೊಂದು ಒಲೆ. ನಿಂತು ತೊಳಸಬಹುದು, ಮೈಭಾರ ಬಿಟ್ಟು ತೊಳಸಬಹುದು. ಹಬ್ಬದ ದಿನ ಹೋಳಿಗೆ ಹಂಚೂ ಅಲ್ಲಿಗೇ.

ಒಳಗಿನ ಕಟ್ಟೆಯ ಎತ್ತರವನ್ನೂ ಮೇಸ್ತ್ರಿಯ ಲೆಕ್ಕಕ್ಕೆ ಬಿಡಬೇಡಿ. ಅಡುಗೆ ಮಾಡುವವರು ಮೊಣಕೈ ಮಡಿಚಿ ನಿಲ್ಲಲಿ. ಮೊಣಕೈಗಿಂತ ಮೂರು ನಾಲ್ಕು ಅಂಗುಲ ಕೆಳಗೆ ಕಟ್ಟೆ ಬರಲಿ. ಅಷ್ಟೇ.

ಅಡುಗೆಮನೆ ಆಯಿತು. ಹೆಜ್ಜೆ ಕಡಿಮೆ, ಕಟ್ಟೆ ಹದ, ಮುದ್ದೆ ಒಲೆ ಹಿತ್ತಲಲ್ಲಿ. ಮುಂದೆ ಬಚ್ಚಲು.

ಅಟ್ಯಾಚ್ಡ್ ಬಾತ್‌ರೂಮ್ ಎಂಬ ಹುಚ್ಚಿನ ಬಗ್ಗೆ ಎರಡು ಮಾತು. ಕೆಳಗಿನ ಮನೆಯಲ್ಲಿ ಇರುವುದು ಒಂದೇ ಬಚ್ಚಲು. ಅದರ ಬಾಗಿಲು ಮಲಗುವ ರೂಮಿಗೆ. ನೆಂಟರು ಬಂದರು. ಅವರು ಕಾಲು ತೊಳೆಯಬೇಕಾದರೆ ನಿಮ್ಮ ಮಂಚ ಸುತ್ತಿಕೊಂಡು ಹೋಗಬೇಕು. ಒಳಗೆ ಅಜ್ಜಿ ಮಲಗಿದ್ದರೆ ಅವರು ಹೊರಗೇ ಕಾಯಬೇಕು. ಬಾಗಿಲನ್ನು ಪ್ಯಾಸೇಜಿಗೆ ತಿರುಗಿಸಿ. ಖರ್ಚು ಏನೂ ಹೆಚ್ಚುವುದಿಲ್ಲ. ರೂಮಿನ ಬಾಗಿಲಿನಿಂದ ಎರಡೇ ಹೆಜ್ಜೆ. ಅಜ್ಜಿಗೂ ಆಯಿತು, ನೆಂಟರಿಗೂ ಆಯಿತು.

ಆ ಬಾಗಿಲು 3 ಅಡಿ ಅಗಲ ಇರಲಿ. ಸಾಮಾನ್ಯವಾಗಿ ಬಚ್ಚಲಿಗೆ ಎರಡೂವರೆ ಅಡಿ ಸಾಕು ಅನ್ನುತ್ತಾರೆ. ಸಾಲದು. ಒಬ್ಬರು ಇನ್ನೊಬ್ಬರ ತೋಳು ಹಿಡಿದುಕೊಂಡು ಒಳಗೆ ಹೋಗುವ ಕಾಲ ಎಲ್ಲರ ಮನೆಗೂ ಬರುತ್ತದೆ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಜಾರಿ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರೇ ಅಡ್ಡ. ಹೊರಗಿನಿಂದ ತಳ್ಳಲು ಆಗುವುದಿಲ್ಲ. ಹೊಸ್ತಿಲು ಅರ್ಧ ಅಂಗುಲ ಮೀರದಿರಲಿ. ನೆಲಕ್ಕೆ ಒರಟು ಟೈಲ್ಸ್. ಕಮೋಡಿನ ಪಕ್ಕದ ಗೋಡೆಗೆ ಒಂದು ಹಿಡಿಕೆ.

ಇನ್ನು ಬಿಸಿನೀರು. ಕಡೂರು ತೆಂಗಿನ ಸೀಮೆ. ಮಟ್ಟೆ, ಕರಟ, ಸೋಗೆ, ಯಾವುದಕ್ಕೂ ಕೊರತೆಯಿಲ್ಲ. ತರೀಕೆರೆಯಲ್ಲಿ ಅಡಿಕೆ ಸಿಪ್ಪೆ. ಇಷ್ಟು ಉರುವಲು ಪುಕ್ಕಟೆ ಸಿಗುವಾಗ ಇಡೀ ಸಂಸಾರಕ್ಕೆ ಗೀಸರ್ ಹಾಕುವುದೇಕೆ? ಆದರೆ ಒಲೆ ಬಚ್ಚಲ ಒಳಗೆ ಬೇಡ. ಹಂಡೆ ಒಲೆ ಹಿತ್ತಲಲ್ಲಿರಲಿ, ಬಚ್ಚಲ ಗೋಡೆಗೆ ಒತ್ತಿಕೊಂಡಂತೆ. ಹಂಡೆಯನ್ನು ಸ್ವಲ್ಪ ಎತ್ತರಕ್ಕೆ ಕೂರಿಸಿ ಗೋಡೆಯೊಳಗೆ ಒಂದು ಕಬ್ಬಿಣದ ಪೈಪು ಕೊಡಿ. ನಲ್ಲಿ ತಿರುಗಿಸಿದರೆ ಬಿಸಿನೀರು ಒಳಗೆ, ಹೊಗೆ ಬೂದಿ ಹೊರಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸವಾಗಿತ್ತು. ಅವರ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಹೋಯಿತು. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ಮೇಲಕ್ಕೆ. ಹಂಡೆ ಒಲೆಗೂ ಅದೇ ಬಗೆಯ ಕೊಳವೆ ಹಾಕಿಸಿ.

ಕೇಳುಗರೇ, ಅಡುಗೆಮನೆ ಹಿತ್ತಲಿಗೆ ಸೇರಿತು, ಬಚ್ಚಲಿನ ಬಾಗಿಲು ಪ್ಯಾಸೇಜಿಗೆ ಬಂತು, ಹಂಡೆ ಹೊರಗೆ ಹೋಯಿತು. ಇನ್ನು ವಯಸ್ಸಾದವರು ಮನೆಯೊಳಗೆ ಬರುವ ದಾರಿ.

ರಸ್ತೆ ಎತ್ತರವಾಗುತ್ತಲೇ ಹೋಗುತ್ತದೆ ಎಂಬ ಭಯಕ್ಕೆ ಎಲ್ಲರೂ ಬೇಸ್‌ಮೆಂಟ್ ಎತ್ತರಿಸುತ್ತಾರೆ. ಭಯ ಸುಳ್ಳಲ್ಲ. ಡಾಂಬರಿನ ಮೇಲೆ ಡಾಂಬರು ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಬೇಸ್‌ಮೆಂಟ್ ಒಂದೂವರೆ ಅಡಿ ಏರಿದರೆ ಮುಂಬಾಗಿಲಿಗೆ ಮೂರು ಮೆಟ್ಟಿಲು. ಮಂಡಿನೋವಿನವರಿಗೆ ಆ ಮೂರು ಮೆಟ್ಟಿಲೇ ಮುಳ್ಳಯ್ಯನಗಿರಿ. ರ್‍ಯಾಂಪು ಹಾಕೋಣವೆಂದರೆ ಲೆಕ್ಕ ಹೀಗಿದೆ. ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು. ಒಂದೂವರೆ ಅಡಿಗೆ 18 ಅಡಿ. ಮುಂದೆ ಇರುವುದೇ 6 ಅಡಿ. ಅದರಲ್ಲಿ ಹಾಕುವ ರ್‍ಯಾಂಪು ಸ್ಕೂಟರ್ ಹತ್ತಿಸಲು ಆದೀತು, ಅಜ್ಜನಿಗೆ ಆಗದು.

18 ಅಡಿ ಎಲ್ಲಿದೆ? ಪಕ್ಕದಲ್ಲಿದೆ. ಮನೆಯ ಉತ್ತರಕ್ಕೆ 3 ಅಡಿಯ ಓಣಿ ಬಿಟ್ಟಿದ್ದೇವಲ್ಲ. ಅದರ ನೆಲವನ್ನೇ ಮೆಲ್ಲಗೆ ಏರಿಸುತ್ತಾ ಹಿತ್ತಲಿಗೆ ಒಯ್ಯಿರಿ. ಗೋಡೆಗೆ ಒಂದು ಕೈಪೈಪು ಹಾಕಿಸಿ. ಹಿತ್ತಲಿನ ಮಾಡಿನ ನೆಲ ಒಳಮನೆಗಿಂತ ಒಂದು ಅಂಗುಲ ಮಾತ್ರ ತಗ್ಗಿರಲಿ, ಹೊರಗಡೆಗೆ ವಾಟ ಇರಲಿ. ಹಿತ್ತಲ ಬಾಗಿಲೂ 3 ಅಡಿ. ಹೀಗೆ ಮಾಡಿದರೆ ಅಜ್ಜ ಅಜ್ಜಿ ಒಂದು ಮೆಟ್ಟಿಲನ್ನೂ ಹತ್ತದೆ ಮನೆಯೊಳಗೆ ಬರುತ್ತಾರೆ. ತೋಟದಿಂದ ಕೆಸರುಗಾಲಲ್ಲಿ ಬಂದವರೂ ಅದೇ ದಾರಿ ಹಿಡಿಯುತ್ತಾರೆ. ನಲ್ಲಿಯಲ್ಲಿ ಕಾಲು ತೊಳೆದು ಒಳಗೆ. ಹಾಲಿನ ಬಿಳಿ ಟೈಲ್ಸ್ ಉಳಿಯಿತು.

ಬಿಸಿಲಿನ ಮಾತನ್ನು ಬೇಗ ಮುಗಿಸುತ್ತೇನೆ. ಪಶ್ಚಿಮದ ಗೋಡೆ ಸಂಜೆವರೆಗೂ ಕಾಯುತ್ತದೆ. ಹಿತ್ತಲ ಮಾಡು ಅದಕ್ಕೆ ನೆರಳು. ತರೀಕೆರೆಯ ಕಡೆ ಮುಂಗಾರಿನ ಇರಚಲೂ ಆ ದಿಕ್ಕಿನಿಂದಲೇ. ಅದಕ್ಕೂ ಅದೇ ಮಾಡು. ಒಗೆದ ಬಟ್ಟೆ ಹರವಲೂ ಅದೇ. ಉತ್ತರದ ಕಿಟಕಿಗೆ ಸಜ್ಜಾ ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಸೀಮೆಯಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ.

ಅಡುಗೆಮನೆ, ಬಚ್ಚಲು, ಅಜ್ಜನ ದಾರಿ, ಮೂರೂ ಹಿತ್ತಲಿಗೆ ಕೂಡಿಕೊಂಡವು. ಈಗ ಫಸಲು. ಊರಿನಿಂದ ಊರಿಗೆ ನಕ್ಷೆ ಬದಲಾಗಬೇಕಾದದ್ದು ಇಲ್ಲಿ.

ಕಡೂರಿನವರಿಗೆ ಕೊಬ್ಬರಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗೆ ನೀರು ಆರಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಹಳೆಯ ಮನೆಗೆ ಅಟ್ಟವಿತ್ತು. ಆರ್‌ಸಿಸಿ ಮನೆಗೆ ಅಟ್ಟವೆಲ್ಲಿ? ಕಾಯಿ ಬಂದು ಪೋರ್ಟಿಕೊದಲ್ಲಿ ಬೀಳುತ್ತದೆ, ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ತೋಟದಲ್ಲಿ ಶೆಡ್ ಇದ್ದವರಿಗೆ ಚಿಂತೆಯಿಲ್ಲ. ಇಲ್ಲದವರು ಹಿತ್ತಲ ಮಾಡನ್ನು ಹನ್ನೆರಡು ಅಡಿಗೆ ಎತ್ತರಿಸಿ, ಅದರೊಳಗೆ ಅಡಿಕೆ ದಬ್ಬೆಯ ಅಟ್ಟ ಹಾಕಿಸಬಹುದು. ದಬ್ಬೆಗಳ ನಡುವೆ ಗಾಳಿ ಆಡುತ್ತದೆ. ಹಂಡೆ ಒಲೆಯ ನೇರ ಮೇಲೆ ಮಾತ್ರ ಬೇಡ. ಒಣ ಮಟ್ಟೆಗೆ ಒಂದು ಕಿಡಿ ಸಾಕು.

ತರೀಕೆರೆಯವರಿಗೆ ಅಡಿಕೆ. ಊರೊಳಗೆ ಮನೆ ಇದ್ದವರು ಬೇಯಿಸಿದ ಅಡಿಕೆಯನ್ನು ತಾರಸಿಯಲ್ಲಿ ಒಣಗಿಸುವುದುಂಟು. ಮೆಟ್ಟಿಲು ಹಾಲಿನೊಳಗೆ ಇದ್ದರೆ? ಮಂಕರಿಯಿಂದ ಸೋರಿದ ಚೊಗರು ಟೈಲ್ಸಿನ ಸಂದಿಯಲ್ಲಿ ಇಳಿಯಿತೆಂದರೆ ಉಜ್ಜಿದರೂ ಹೋಗದು. ಆದ್ದರಿಂದ ಮೆಟ್ಟಿಲು ಹೊರಗೆ. ಒಂದೊಂದು ಮೆಟ್ಟಿಲು 7 ಅಂಗುಲ ಎತ್ತರ, ಕಾಲಿಡಲು 10 ಅಂಗುಲ. ತಲೆಹೊರೆ ಹೊತ್ತವರಿಗೆ ಅದಕ್ಕಿಂತ ಕಡಿದು ಆಗಬಾರದು. ಮುಂದೆ ಮೇಲೆ ಕಟ್ಟಿ ಬಾಡಿಗೆಗೆ ಕೊಟ್ಟರೂ ಹೊರಗಿನ ಮೆಟ್ಟಿಲೇ ಅನುಕೂಲ.

ಅಜ್ಜಂಪುರಕ್ಕೆ ಈರುಳ್ಳಿ. ಬೆಲೆ ಬಿದ್ದ ವರ್ಷ ಚೀಲಗಳು ಮನೆಯೊಳಗೆ ಬರುತ್ತವೆ. ಮುಚ್ಚಿದ ರೂಮಿನಲ್ಲಿ ಈರುಳ್ಳಿ ಕೊಳೆಯುತ್ತದೆ, ಮನೆಯೆಲ್ಲ ವಾಸನೆ. ಅದಕ್ಕೂ ಹಿತ್ತಲ ಮಾಡೇ ಸರಿ. ನೆಲದಿಂದ ಒಂದಡಿ ಮೇಲೆ ಪಟ್ಟಿಗಳ ಅಟ್ಟಣೆ, ಸುತ್ತ ಜಾಲರಿ. ಅಮೃತಮಹಲ್ ರಾಸುಗಳಿಗೆ ಹೆಸರಾದ ಊರಲ್ಲವೇ, ಹಿತ್ತಲಲ್ಲಿ ಒಂದು ಹಸುವನ್ನೂ ಕಟ್ಟೋಣ ಎಂದು ಆಸೆಯಾಗಬಹುದು. ಮೂವತ್ತು ನಲವತ್ತರ ಸೈಟಿನಲ್ಲಿ ಅದು ಆಗದ ಮಾತು. ಹಸು ಬೇಕೆಂದರೆ ಸೈಟು ದೊಡ್ಡದು ಬೇಕು.

ಅಜ್ಜಂಪುರ, ಶಿವನಿ ಕಡೆ ಎರೆಭೂಮಿಯಲ್ಲಿ ಕಟ್ಟುವವರಿಗೆ ಇನ್ನೊಂದು ಎಚ್ಚರಿಕೆ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿರುವ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ನಾವು ನೀರಿನ ಕೆಲಸವನ್ನೆಲ್ಲ ಹಿಂದಕ್ಕೆ ತಂದಿದ್ದೇವೆ. ಆ ನೀರು ಪಾಯದ ಬುಡಕ್ಕೆ ಇಳಿಯಬಾರದು. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಹೊರಕ್ಕೆ ವಾಟ ಕೊಡಿ. ಸಂಪನ್ನು ಪಾಯಕ್ಕೆ ಒತ್ತಿ ತೋಡಿಸಬೇಡಿ. ಪಾಯ ಎಷ್ಟು ಆಳ, ಯಾವ ಬಗೆ ಎಂಬುದನ್ನು ಪಕ್ಕದ ಮನೆ ನೋಡಿ ತೀರ್ಮಾನಿಸಬೇಡಿ. ಎಂಜಿನಿಯರಿಗೆ ಮಣ್ಣು ತೋರಿಸಿ.

ಫಸಲಿನ ಮಾತು, ಮಣ್ಣಿನ ಮಾತು ಮುಗಿಯಿತು. ಉಳಿದದ್ದು, ಇದನ್ನೆಲ್ಲ ಪರೀಕ್ಷೆ ಮಾಡುವುದು ಹೇಗೆ?

ಕಾಗದದ ಮೇಲಿನ ನಕ್ಷೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಸೈಟಿನ ಮೇಲೆ ಸುಣ್ಣದ ಪುಡಿಯ ಗೆರೆ ಅರ್ಥವಾಗುತ್ತದೆ. ಗುದ್ದಲಿ ಪೂಜೆ ಆದ ಮೇಲೆ ಮೇಸ್ತ್ರಿ ಹಗ್ಗ ಹಿಡಿದು ಮಾರ್ಕಿಂಗ್ ಮಾಡುತ್ತಾರಲ್ಲ, ಅವತ್ತು ಮನೆಯವರೆಲ್ಲ ಸೈಟಿಗೆ ಹೋಗಿ. ಅಗೆಯುವ ಕೆಲಸ ಮರುದಿನಕ್ಕಿರಲಿ. ಬಾಗಿಲುಗಳ ಜಾಗವನ್ನೂ ಗುರುತು ಮಾಡಿಸಿ. ಮನೆಯಿಂದ ಒಂದು ಮಂಚ ತಂದು ರೂಮಿನ ಗೆರೆಯೊಳಗೆ ಇಡಿ. ಮಂಚದ ಪಕ್ಕ ಇಬ್ಬರು ನಿಲ್ಲಬಹುದೇ, ನೋಡಿ. ಮಂಚದಿಂದ ಬಚ್ಚಲಿಗೆ ರಾತ್ರಿ ಎದ್ದು ಹೋಗುವ ಹಾಗೆ ನಡೆಯಿರಿ. ಮುಸುರೆ ಪಾತ್ರೆ ಎತ್ತಿಕೊಂಡವರ ಹಾಗೆ ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ. ಬಚ್ಚಲ ಬಾಗಿಲು ತೆರೆದರೆ ಅಡುಗೆಮನೆಯ ಬಾಗಿಲಿಗೆ ತಾಗುತ್ತದೆಯೇ? ಮೂರಡಿಯ ಕೋಲು ಹಿಡಿದು ತಿರುಗಿಸಿ ನೋಡಿ. ಈ ಓಡಾಟ ಗಂಡಸರದಲ್ಲ. ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಮಂಡಿನೋವಿನವರು ಓಡಾಡಲಿ. ಮೇಸ್ತ್ರಿ ಸುಣ್ಣದ ಡಬ್ಬಿ ಹಿಡಿದು ಅವರ ಹಿಂದೆ ನಡೆಯಲಿ.

ಗೆರೆ ಸರಿಸಿದಿರಿ ಅನ್ನೋಣ. ಹೊಸ ಅಳತೆಯನ್ನು ಕೂಡಲೇ ನಕ್ಷೆಯಲ್ಲಿ ತಿದ್ದಿಸಿ. ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಕೊಟ್ಟ ನಕ್ಷೆಗೂ ಕಟ್ಟಡಕ್ಕೂ ತಾಳೆಯಾಗಬೇಕು. ಸಾಲ ಕೊಟ್ಟ ಬ್ಯಾಂಕಿನವರೂ ಅದನ್ನೇ ನೋಡುತ್ತಾರೆ. ಪಕ್ಕದಲ್ಲಿ, ಹಿಂದೆ ಎಷ್ಟು ಜಾಗ ಬಿಡಬೇಕು, ಬಿಟ್ಟ ಜಾಗದ ಮೇಲೆ ಮಾಡು ಎಷ್ಟು ಚಾಚಬಹುದು, ಓಣಿಯಲ್ಲಿ ರ್‍ಯಾಂಪಿಗೆ ಅಡ್ಡಿಯಿದೆಯೇ, ಇವನ್ನು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಸಾಧ್ಯವಾದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.